ಹಿಮ ಬೀಳುವ ಊರಿನ ಪೋರ್ಚ್‌ಗೆ ಯಾವ ನೆಲ? ಕಲಬುರಗಿ, ಬೀದರ್ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಕಲಬುರಗಿಯ ನಮ್ಮ ಕಲ್ಲಿನ ಅಂಗಡಿಗೆ ಬರುವವರು ಮೊದಲೆಲ್ಲ ಎರಡೇ ವಿಷಯ ಕೇಳುತ್ತಿದ್ದರು: ಚದರ ಅಡಿಗೆ ಎಷ್ಟು, ಯಾವಾಗ ಕಳಿಸುತ್ತೀರಿ. ಈಗ ವ್ಯಾಪಾರ ಕುದುರಿದ ಮೇಲೆ ಮೊಬೈಲ್ ತೆಗೆದು ಇನ್ನೊಂದು ಮನೆಯ ಚಿತ್ರ ತೋರಿಸುತ್ತಾರೆ. ಮಗಳದು ಟೊರೊಂಟೊ, ಮಗನದು ಮಿನಿಯಾಪೊಲಿಸ್, ಅಳಿಯನದು ಷಿಕಾಗೊ ಹತ್ತಿರ. ತಲಬಾಗಿಲ ಮುಂದಿನ ಕಟ್ಟೆ (ಅಲ್ಲಿಯವರ ಮಾತಿನಲ್ಲಿ ಪೋರ್ಚ್), ಮೆಟ್ಟಿಲು ಕೆಲವೇ ಚಳಿಗಾಲಕ್ಕೆ ಚಕ್ಕೆ ಏಳುತ್ತಿವೆ, ಏನು ಹಾಕಿಸಿದರೆ ನಿಲ್ಲುತ್ತದೆ ಎಂದು ಕೇಳುತ್ತಾರೆ. ಅವರ ಪ್ರಶ್ನೆಗಳ ಜೊತೆಗೆ ಬೀದರ್, ಕಲಬುರಗಿಯ ಸ್ವಂತ ಮನೆಗಳ ಬಗ್ಗೆ ಕೇಳುವ ಕೆಲವನ್ನೂ ಇಲ್ಲಿ ಸೇರಿಸಿದ್ದೇನೆ.

ಅಷ್ಟೊಂದು ಚಳಿಯಲ್ಲಿ ಕಲ್ಲು, ಕಾಂಕ್ರೀಟ್ ಒಡೆಯದೆ ಇರುತ್ತವೆಯೇ?

ಬರೀ ಚಳಿಗೆ ಒಡೆಯುವುದಿಲ್ಲ. ಒಣಗಿದ ಕಲ್ಲನ್ನು ಮೈನಸ್ 30 ಡಿಗ್ರಿಯಲ್ಲಿ ಇಟ್ಟರೂ ಅದಕ್ಕೆ ಏನೂ ಆಗದು. ಒಡೆಯುವುದು ಅದರೊಳಗೆ ಸೇರಿದ ನೀರಿನಿಂದ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಫ್ರೀಜರ್‌ನಲ್ಲಿ ಮರೆತ ತುಂಬಿದ ಬಾಟಲಿ ಬಿರಿಯುವುದು ಇದೇ ಕಾರಣಕ್ಕೆ. ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ನೀರು ಭರ್ತಿಯಾಗಿದ್ದರೆ ಹಿಗ್ಗಿದ ಮಂಜುಗಡ್ಡೆಗೆ ಜಾಗವಿರುವುದಿಲ್ಲ, ಅದು ಕಲ್ಲನ್ನೇ ಒತ್ತುತ್ತದೆ.

ಒಂದು ಸಲ ಹೆಪ್ಪುಗಟ್ಟಿದರೆ ದೊಡ್ಡ ಹಾನಿಯಿಲ್ಲ. ಹಗಲು ಕರಗಿ, ಬಿರುಕಿನೊಳಗೆ ಇನ್ನಷ್ಟು ಇಳಿದು, ರಾತ್ರಿ ಮತ್ತೆ ಗಟ್ಟಿಯಾಗುವುದೇ ಕಷ್ಟ. ಆದ್ದರಿಂದ ತಿಂಗಳುಗಟ್ಟಲೆ ಸೊನ್ನೆಯ ಕೆಳಗೇ ಉಳಿಯುವ ಊರಿಗಿಂತ, ಸೊನ್ನೆ ಡಿಗ್ರಿಯ ಆಚೀಚೆ ಓಲಾಡುವ ಊರಿನಲ್ಲಿ ನೆಲ ಬೇಗ ಹಾಳಾಗುತ್ತದೆ. ಟೊರೊಂಟೊ, ಷಿಕಾಗೊಗಳಲ್ಲಿ ಮಾರ್ಚ್ ತಿಂಗಳು ಜನವರಿಗಿಂತ ಕೆಟ್ಟದ್ದು. ನೆಲಹಾಸು ಆರಿಸುವಾಗ ಎಷ್ಟು ಗಟ್ಟಿ ಎಂದು ಕೇಳುವುದಕ್ಕಿಂತ ಎಷ್ಟು ನೀರು ಕುಡಿಯುತ್ತದೆ, ಕುಡಿದದ್ದು ಎಲ್ಲಿ ಹೋಗುತ್ತದೆ ಎಂದು ಕೇಳಬೇಕು.

ಬೀದರ್‌ನಲ್ಲೂ ಚಳಿ ಜೋರು. ನಮಗೂ ಇದೇ ಲೆಕ್ಕವೇ?

ಅಲ್ಲ. ಬೀದರ್ ಪ್ರಸ್ಥಭೂಮಿಯ ಮೇಲಿರುವ ಊರು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಕೆಲವು ವರ್ಷ 10 ಡಿಗ್ರಿಯ ಕೆಳಗೂ ಇಳಿಯುತ್ತದೆ, ಮುಂಜಾನೆ ಹಾಲು ಹಾಕುವವನ ಬಾಯಿಂದ ಹೊಗೆ ಬರುತ್ತದೆ. ಆದರೆ ನೀರು ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಹಿಮದ ಹೊಡೆತವೂ ಇಲ್ಲ. ಅಲ್ಲಿ ಎದುರಾಗುವುದು ಬರಿಗಾಲಿಗೆ ಕಲ್ಲು ಕೊರೆಯುವುದೊಂದೇ. ಅದಕ್ಕೆ ಚಾಪೆ ಸಾಕು, ಮರದ ನೆಲ ಹಾಕಿಸುವ ದುಂದುವೆಚ್ಚ ಬೇಡ.

ನಮ್ಮ ಶಹಾಬಾದ್ ಫರ್ಸಿಯನ್ನೇ, ಅಂದರೆ ಹಾಸುಗಲ್ಲನ್ನೇ, ಮಗನ ಮನೆಗೆ ಹಡಗಿನಲ್ಲಿ ಕಳಿಸಬಹುದೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಊರಿನ ಕಲ್ಲು ಮಗನ ಬಾಗಿಲಲ್ಲಿರಲಿ ಎಂಬ ಆಸೆಗೆ ನಾನು ಅಡ್ಡ ಬರುವುದಿಲ್ಲ. ಮನೆಯೊಳಗೆ ಹಾಕಿಸಲಿ, ಚೆನ್ನಾಗಿರುತ್ತದೆ. ಹೊರಗೆ ಹಿಮ ಬೀಳುವ ಮೆಟ್ಟಿಲಿಗೆ ಮಾತ್ರ ಕಳಿಸಬೇಡಿ.

ಶಹಾಬಾದ್ ಕಲ್ಲು ಭೀಮಾ ಕಣಿವೆಯ ಸುಣ್ಣಕಲ್ಲು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಗೂಡಿಗೆ ಹೋಗುವುದೂ ಇದೇ ಜಾತಿಯ ಕಲ್ಲು. ಇದು ಪದರ ಪದರವಾಗಿ ಕೂತ ಕಲ್ಲಾದ್ದರಿಂದಲೇ ಗಣಿಯಲ್ಲಿ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದರೆ ಹಲಗೆಯಂತೆ ಎದ್ದುಬರುತ್ತದೆ. ನಮಗೆ ಅಗ್ಗವಾಗಿ ಸಿಗುವುದು ಆ ಗುಣದಿಂದ. ಒಂದು ತುಂಡನ್ನು ಅಡ್ಡ ಹಿಡಿದು ಅಂಚು ನೋಡಿ: ಬೂದು ಕಲ್ಲಿನ ನಡುವೆ ಕೂದಲೆಳೆಯಂಥ ಕಂದು ಗೆರೆಗಳು ಕಾಣುತ್ತವೆ. ಅವು ಜೇಡಿಯ ಪದರಗಳು. ಕಲಬುರಗಿಯ ಮಳೆಯಲ್ಲಿ ಆ ಗೆರೆಗಳಿಂದ ತೊಂದರೆಯಿಲ್ಲ. ಹಿಮದ ಊರಿನಲ್ಲಿ ನೀರು ಅಲ್ಲಿಗೇ ಹೊಕ್ಕು, ಹೆಪ್ಪುಗಟ್ಟಿ, ಗಣಿಯ ಕೆಲಸಗಾರ ಉಳಿಯಿಂದ ಮಾಡಿದ್ದನ್ನೇ ನಿಧಾನವಾಗಿ ಮಾಡುತ್ತದೆ. ಕಲ್ಲು ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ. ಮೇಲಿಂದ ಹಿಮ ಕರಗಲೆಂದು ಅಲ್ಲಿಯವರು ಎರಚುವ ಉಪ್ಪು ರಂಧ್ರಗಳಲ್ಲಿ ಹರಳುಗಟ್ಟಿ ಇನ್ನಷ್ಟು ಕೀಳುತ್ತದೆ.

ತಾಂಡೂರಿನ ನೀಲಿ, ಹಳದಿ ಕಲ್ಲಿಗೂ ಇದೇ ಉತ್ತರ. ಹೇಗೂ ಕಳಿಸಲೇಬೇಕೆಂದಿದ್ದರೆ ಮೊದಲು ಹೆಪ್ಪುಗಟ್ಟಿಸಿ ಕರಗಿಸುವ ಪರೀಕ್ಷೆಗೆ ಒಳಪಡಿಸಿ, ಆ ವರದಿ ಕೈಯಲ್ಲಿದ್ದ ಮೇಲೆ ಹಡಗಿನ ಬಾಡಿಗೆ ಕಟ್ಟಿ.

ಬೀದರ್ ಕೋಟೆಯ ಕೆಂಪು ಕಲ್ಲು ಶತಮಾನಗಳಿಂದ ನಿಂತಿದೆಯಲ್ಲ, ಅದು?

ಅದು ಬೀದರ್‌ನಲ್ಲಿ ನಿಂತಿದೆ. ಆ ಕಲ್ಲಿನ ಮೈ ತುಂಬ ಬರಿಗಣ್ಣಿಗೇ ಕಾಣುವ ತೂತುಗಳು, ಎಷ್ಟು ನೀರು ಹಾಕಿದರೂ ಹೀರಿಕೊಳ್ಳುತ್ತದೆ. ಗೋಡೆಗೆ ಒಳ್ಳೆಯದು. ಹಿಮದ ನಾಡಿನ ನೆಲಕ್ಕೆ ಆರಿಸಬಹುದಾದ ಕಲ್ಲುಗಳಲ್ಲಿ ಅದು ಕೊನೆಯದು.

ಹಾಗಾದರೆ ಅಲ್ಲಿ ಕಲ್ಲೇ ಬೇಡವೇ?

ಗ್ರಾನೈಟ್ ಹಾಕಿಸಬಹುದು. ಒಳ್ಳೆಯ ಗ್ರಾನೈಟ್ ತನ್ನ ತೂಕದ ಅರ್ಧ ಶೇಕಡಾದಷ್ಟೂ ನೀರು ಕುಡಿಯುವುದಿಲ್ಲ, ಉಪ್ಪಿಗೂ ಬಗ್ಗುವುದಿಲ್ಲ. ಆದರೆ ಕನ್ನಡಿಯಂತೆ ಹೊಳೆಯುವ ಪಾಲಿಶ್ ಬೇಡ, ತೆಳುವಾಗಿ ಮಂಜು ಕೂತರೆ ಸಾಕು, ಕಾಲು ಜಾರುತ್ತದೆ. ಬೆಂಕಿಯ ಜ್ವಾಲೆ ಹಾಯಿಸಿ ಒರಟು ಮಾಡಿದ ಗ್ರಾನೈಟ್ ಸಿಗುತ್ತದೆ, ಮೆಟ್ಟಿಲಿಗೆ ಅದನ್ನೇ ಕೇಳಿ. ಒತ್ತಾದ ಕಣಗಳ ಕ್ವಾರ್ಟ್‌ಜೈಟ್ ಕೂಡ ನಡೆಯುತ್ತದೆ. ಮರಳುಗಲ್ಲು, ಸ್ಲೇಟ್‌ಗಳಲ್ಲಿ ಒಳ್ಳೆಯದೂ ಇದೆ, ಪುಡಿಯಾಗುವುದೂ ಇದೆ. ಒಂದೇ ಹೆಸರಿನಲ್ಲಿ ಎರಡು ಗಣಿಯ ಕಲ್ಲು ಬರುತ್ತದೆ. ಆ ಊರಿನಲ್ಲಿ ಹತ್ತಾರು ಚಳಿಗಾಲ ಕಂಡ ಕಟ್ಟೆ ಎಲ್ಲಿದೆ ಎಂದು ಕೇಳಿ, ಹೋಗಿ ನೋಡಿ ಬಂದರೆ ಅಂಗಡಿಯವನ ಮಾತಿಗಿಂತ ಅದು ಮೇಲು.

ಟೈಲ್ಸ್ ಹಾಕಿಸಿದರೆ ನೋಡಲು ಚೆಂದ ಅನ್ನುತ್ತಾಳೆ ಸೊಸೆ.

ಸೊಸೆ ಹೇಳುವುದು ಸರಿ, ಆದರೆ ಯಾವ ಟೈಲ್ಸ್ ಎಂಬುದು ಮುಖ್ಯ. ಸಾಮಾನ್ಯ ಸೆರಾಮಿಕ್ ಟೈಲ್ಸ್ ಹೊರಗೆ ಬೇಡವೇ ಬೇಡ. ಪೋರ್ಸಲೀನ್ ಎಂದು ಕರೆಸಿಕೊಳ್ಳಲು ನೀರು ಹೀರುವ ಪ್ರಮಾಣ ಶೇಕಡಾ 0.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಅಂಥ ಟೈಲ್ಸ್ ಹಿಮಕ್ಕೆ ಒಡೆಯುವುದಿಲ್ಲ.

ಆದರೂ ಪೋರ್ಸಲೀನ್ ಹಾಕಿಸಿದ ಕಟ್ಟೆಗಳು ಎದ್ದುಬರುತ್ತವೆ. ಟೈಲ್ಸ್ ಗಟ್ಟಿಯಾಗಿಯೇ ಇರುತ್ತದೆ, ಕೆಳಗಿನ ಗಾರೆ ಸೋಲುತ್ತದೆ. ಸಂದಿಯಿಂದ ಇಳಿದ ನೀರು ಟೈಲ್ಸ್ ಅಡಿಯಲ್ಲಿ ನಿಂತು, ಹೆಪ್ಪುಗಟ್ಟಿ, ಇಡೀ ಸಾಲನ್ನೇ ಮೇಲಕ್ಕೆತ್ತುತ್ತದೆ. ಅದಕ್ಕಾಗಿ ಅಲ್ಲಿನ ಬಲ್ಲವರು 20 ಮಿಲಿಮೀಟರ್ ದಪ್ಪದ ಪೋರ್ಸಲೀನ್ ಹಲಗೆಗಳನ್ನು ಗಾರೆಯಿಲ್ಲದೆ, ಜಲ್ಲಿಯ ಹಾಸಿನ ಮೇಲೋ ಪ್ಲಾಸ್ಟಿಕ್ ಕಾಲುಗಳ ಮೇಲೋ ಕೂರಿಸುತ್ತಾರೆ. ನೀರು ಸಂದಿಯಲ್ಲಿ ಇಳಿದು ಕೆಳಗೆ ಹರಿದುಹೋಗುತ್ತದೆ. ಗಾರೆಯ ಮೇಲೆಯೇ ಹಾಕುವುದಾದರೆ ಅಡಿಯಲ್ಲಿ ನೀರು ತಡೆಯುವ ಪದರ, ಅದರ ಮೇಲೆ ನೀರು ಹೊರಹೋಗುವ ದಾರಿ ಎರಡೂ ಬೇಕು. ಇಷ್ಟನ್ನೂ ಮಾಡುವ ಕೆಲಸಗಾರ ಸಿಗದಿದ್ದರೆ ಟೈಲ್ಸ್ ಆಸೆ ಬಿಟ್ಟುಬಿಡಿ.

ಕಾಂಕ್ರೀಟ್ ಮೇಲ್ಮೈ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ. ಸಿಮೆಂಟ್ ಕಡಿಮೆ ಹಾಕಿದ್ದಾರೆಯೇ?

ನಮ್ಮವರ ಮೊದಲ ಅನುಮಾನ ಯಾವಾಗಲೂ ಸಿಮೆಂಟ್ ಕಳ್ಳತನದ ಮೇಲೆ. ಹಿಮದ ಊರಿನ ಕಾಂಕ್ರೀಟ್‌ನಲ್ಲಿ ಬಹುಪಾಲು ಕಡಿಮೆಯಾಗಿರುವುದು ಗಾಳಿ.

ಚಳಿ ನಾಡಿನ ಹೊರಾಂಗಣ ಕಾಂಕ್ರೀಟ್‌ಗೆ ಕಲಸುವಾಗಲೇ ಒಂದು ದ್ರವ ಸೇರಿಸಿ ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳನ್ನು ಹುಟ್ಟಿಸುತ್ತಾರೆ. ಹಿಗ್ಗುವ ಮಂಜುಗಡ್ಡೆಗೆ ಆ ಗುಳ್ಳೆಗಳೇ ಜಾಗ. ಕೆನಡಾದಲ್ಲಿ ಉಪ್ಪು ಬೀಳುವ ಹೊರಗಿನ ನೆಲಕ್ಕೆ ಸಾಮಾನ್ಯವಾಗಿ 32 ಮೆಗಾಪಾಸ್ಕಲ್ (ಒತ್ತಡ ತಾಳುವ ಶಕ್ತಿಯ ಅಳತೆ) ಬಲ, ಸಿಮೆಂಟ್‌ನ ತೂಕದ 0.45 ಪಾಲಿಗಿಂತ ಹೆಚ್ಚಿಲ್ಲದ ನೀರು, ಶೇಕಡಾ 5ರಿಂದ 8ರಷ್ಟು ಗಾಳಿ ಎಂಬ ಲೆಕ್ಕವಿದೆ. ಲಾರಿ ಬಂದಾಗ ಅಲ್ಲೇ ಉಪಕರಣ ಇಟ್ಟು ಗಾಳಿ ಅಳೆಯಬಹುದು. ಕಲಬುರಗಿಯ ಮನೆ ಕೆಲಸದಲ್ಲಿ ಯಾರೂ ಇದನ್ನು ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ.

ಇನ್ನೊಂದು ತಪ್ಪು ಇಲ್ಲೂ ಅಲ್ಲೂ ಒಂದೇ. ಕಾಂಕ್ರೀಟ್ ಸುರಿದ ಮೇಲೆ ಮೇಲಕ್ಕೆ ಬರುವ ನೀರು ಆರುವ ಮೊದಲೇ ಕರಣಿ ಹಿಡಿದು ಉಜ್ಜುವುದು, ನುಣುಪಾಗಲೆಂದು ಮೇಲೆ ನೀರು ಚಿಮುಕಿಸುವುದು. ಆಗ ಮೇಲ್ಪದರ ದುರ್ಬಲವಾಗುತ್ತದೆ. ಚಕ್ಕೆ ಏಳುವುದು ಆ ಪದರವೇ. ಪೊರಕೆ ಎಳೆದ ಒರಟು ಮೇಲ್ಮೈ ನೋಡಲು ಸಾದಾ, ಆದರೆ ಬಾಳಿಕೆ ಬರುತ್ತದೆ, ಜಾರುವುದೂ ಇಲ್ಲ. ಹೆಚ್ಚು ಖರ್ಚಿಲ್ಲದೆ ನಿಲ್ಲುವಂಥದ್ದು ಬೇಕೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ.

ಮರದ ಪೋರ್ಚ್‌ಗೆ ಗೆದ್ದಲು ಹಿಡಿಯುವುದಿಲ್ಲವೇ?

ಮಿನಿಯಾಪೊಲಿಸ್‌ನಂಥ ಊರಿನಲ್ಲಿ ಗೆದ್ದಲಿಗಿಂತ ಕೊಳೆಯುವ ಭಯ ಹೆಚ್ಚು. ಒತ್ತಡದಲ್ಲಿ ರಾಸಾಯನಿಕ ತುಂಬಿದ ಪೈನ್ ಮರ ಅಗ್ಗ, ಸೀಡರ್ ಸ್ವಲ್ಪ ದುಬಾರಿ. ಹಲಗೆಗಳ ನಡುವೆ ಬೆರಳು ತೂರದಷ್ಟು, ಆದರೆ ನೀರು ಇಳಿಯುವಷ್ಟು ಸಂದಿ ಬೇಕು, ಕೆಳಗೆ ಗಾಳಿಯಾಡಬೇಕು. ಒದ್ದೆಯಾದದ್ದು ಎರಡೂ ಬದಿಯಿಂದ ಆರುವುದರಿಂದ ಹಿಮದ ಊರಿಗೆ ಮರ ನಿಜಕ್ಕೂ ಹೊಂದುತ್ತದೆ. ಬದಲಿಗೆ ಕೆಲವು ವರ್ಷಕ್ಕೊಮ್ಮೆ ಬಣ್ಣವೋ ಎಣ್ಣೆಯೋ ಹಚ್ಚುವ ದುಡಿಮೆ ತಪ್ಪದು. ಸಂದಿಯಿಲ್ಲದೆ ಒಂದಕ್ಕೊಂದು ಕಚ್ಚಿಸಿ ಜೋಡಿಸುವ ಹಳೆಯ ಅಮೆರಿಕನ್ ಶೈಲಿಯ ನೆಲ ಮೇಲೆ ಮಾಡು ಇದ್ದರೆ ಮಾತ್ರ.

ಮರದ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಕಾಂಪೊಸಿಟ್ ಹಲಗೆ?

ಕೊಳೆಯುವುದಿಲ್ಲ, ಬಣ್ಣದ ಗೋಜಿಲ್ಲ. ಬಿಸಿಲು ಚಳಿಗೆ ಹಿಗ್ಗಿ ಕುಗ್ಗುವುದರಿಂದ ತುದಿಗಳಲ್ಲಿ ಕಂಪನಿ ಹೇಳಿದಷ್ಟು ಜಾಗ ಬಿಡಲೇಬೇಕು. ಮಂಜು ಕೂತಾಗ ಕೆಲವು ಹಲಗೆಗಳು ಮರಕ್ಕಿಂತ ಹೆಚ್ಚು ಜಾರುತ್ತವೆ, ಗೆರೆ ಕೊರೆದದ್ದನ್ನೇ ಆರಿಸಿ. ಹಿಮ ತೆಗೆಯಲು ಕಬ್ಬಿಣದ ಸಲಿಕೆ ಬೇಡ, ಪ್ಲಾಸ್ಟಿಕ್‌ನದ್ದನ್ನು ಹಲಗೆಯ ಉದ್ದಕ್ಕೆ ತಳ್ಳಬೇಕು.

ಉಪ್ಪು ಹಾಕಿದರೆ ಹಿಮ ಕರಗುತ್ತದೆಯಂತೆ. ಹಾಕಬಹುದೇ?

ಕರಗುತ್ತದೆ. ಸಾದಾ ಉಪ್ಪು ಸುಮಾರು ಮೈನಸ್ 9 ಡಿಗ್ರಿಯವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕಿಂತ ಚಳಿಯಾದರೆ ಸುಮ್ಮನೆ ಬಿದ್ದಿರುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಇನ್ನೂ ಕೆಳಗಿನ ಉಷ್ಣತೆಯಲ್ಲೂ ಕರಗಿಸುತ್ತದೆ.

ನೆಲದ ದೃಷ್ಟಿಯಿಂದ ನೋಡಿದರೆ ಎರಡೂ ಶತ್ರುಗಳೇ. ಉಪ್ಪು ಹಾಕಿದ ಜಾಗ ಒಣಗುವುದಿಲ್ಲ, ರಂಧ್ರಗಳು ತುಂಬಿಯೇ ಇರುತ್ತವೆ, ಕರಗುವುದು ಗಟ್ಟಿಯಾಗುವುದು ಇನ್ನಷ್ಟು ಸಲ ನಡೆಯುತ್ತದೆ. ಹೊಸ ಕಾಂಕ್ರೀಟ್‌ಗೆ ಮೊದಲ ಚಳಿಗಾಲದಲ್ಲಿ ಒಂದು ಹರಳೂ ಹಾಕಬಾರದು. ಹಿಮ ಬಿದ್ದ ತಕ್ಷಣ, ತುಳಿದು ಗಟ್ಟಿಯಾಗುವ ಮೊದಲೇ ತಳ್ಳಿ, ಮೇಲೆ ಒರಟು ಮರಳು ಎರಚಿದರೆ ಮುಕ್ಕಾಲು ಪಾಲು ಉಪ್ಪಿನ ಅಗತ್ಯವೇ ಇರುವುದಿಲ್ಲ. ರಸಗೊಬ್ಬರವನ್ನು ಹಿಮ ಕರಗಿಸಲು ಹಾಕುವವರೂ ಇದ್ದಾರೆ. ಅಮೋನಿಯಂ ಇರುವ ಗೊಬ್ಬರ ಕಾಂಕ್ರೀಟನ್ನು ತಿಂದುಹಾಕುತ್ತದೆ, ಅದು ಹೊಲದಲ್ಲೇ ಇರಲಿ.

ಮೇಲೆ ಸೀಲರ್ ಬಳಿದರೆ ಎಲ್ಲ ಸರಿಯಾಗುತ್ತದೆಯೇ?

ಎಲ್ಲವೂ ಅಲ್ಲ. ಒಳಗಿಳಿದು ನೀರನ್ನು ತಡೆಯುವ, ಆವಿಯನ್ನು ಹೊರಬಿಡುವ ಸಿಲೇನ್ ಅಥವಾ ಸಿಲೋಕ್ಸೇನ್ ಜಾತಿಯದ್ದು ಕಾಂಕ್ರೀಟ್‌ಗೆ ಒಳ್ಳೆಯದು. ಮೇಲೆ ಹೊಳೆಯುವ ಪೊರೆ ಕಟ್ಟುವಂಥದ್ದು ಬೇಡ, ಅದು ಜಾರುತ್ತದೆ, ಅಡಿಯಿಂದ ಬಂದ ತೇವವನ್ನು ಒಳಗೇ ಕೂಡಿಹಾಕುತ್ತದೆ.

ಪೋರ್ಚ್ ಮನೆಯಿಂದ ಬಿಟ್ಟುಕೊಂಡು ವಾಲಿದೆ. ಮೇಲಿನ ಕಲ್ಲು ಬದಲಿಸಿದರೆ ಸಾಕೇ?

ಸಾಲದು. ಈ ಪ್ರಶ್ನೆ ಕೇಳುವವರ ಮನೆ ಕಲಬುರಗಿಯಲ್ಲಿದ್ದರೆ ಅವರಿಗೆ ಉತ್ತರ ಅರ್ಧ ಗೊತ್ತೇ ಇರುತ್ತದೆ, ಏಕೆಂದರೆ ನಮ್ಮ ಎರೆಮಣ್ಣು ಬೇರೆ ಕಾರಣಕ್ಕೆ ಇದೇ ಆಟ ಆಡುತ್ತದೆ.

ಹಿಮದ ಊರಿನಲ್ಲಿ ನೆಲದೊಳಗಿನ ನೀರೂ ಹೆಪ್ಪುಗಟ್ಟುತ್ತದೆ. ಸಣ್ಣ ಕಣಗಳ ಮಣ್ಣು ಕೆಳಗಿನಿಂದ ನೀರು ಎಳೆದುಕೊಳ್ಳುತ್ತಲೇ ಇರುತ್ತದೆ, ಅದು ಪದರ ಪದರವಾಗಿ ಮಂಜುಗಡ್ಡೆಯಾಗಿ ಮೇಲಿನದ್ದನ್ನೆಲ್ಲ ಎತ್ತುತ್ತದೆ. ವಸಂತ ಬಂದಾಗ ಕರಗಿ ಕುಸಿಯುತ್ತದೆ, ಆದರೆ ಮೊದಲಿನ ಮಟ್ಟಕ್ಕೆ ಸರಿಯಾಗಿ ಹಿಂದಿರುಗುವುದಿಲ್ಲ. ಮನೆಯ ಬುನಾದಿ ಆಳದಲ್ಲಿದೆ, ಕದಲುವುದಿಲ್ಲ. ಮೆಟ್ಟಿಲಿನದ್ದು ಮೇಲೆಯೇ ಇದೆ, ಪ್ರತಿವರ್ಷ ಕುಣಿಯುತ್ತದೆ. ನಡುವೆ ಬಿರುಕು ಬಿಡುವುದು ಅದಕ್ಕೇ. ಟೊರೊಂಟೊದಲ್ಲಿ ಬುನಾದಿಯನ್ನು 1.2 ಮೀಟರ್ ಆಳಕ್ಕೆ ಇಳಿಸುತ್ತಾರೆ. ಮಿನಿಯಾಪೊಲಿಸ್‌ನಲ್ಲಿ 42 ಇಂಚು, ಅದಿರುವ ಮಿನ್ನೆಸೋಟಾ ರಾಜ್ಯದ ಉತ್ತರ ಭಾಗದಲ್ಲಿ 60 ಇಂಚು. ಪೋರ್ಚ್‌ನ ಕಂಬಗಳೂ ಅಷ್ಟೇ ಆಳಕ್ಕೆ ಹೋಗಬೇಕು.

ಇಲ್ಲಿಯ ಎರೆಮಣ್ಣು ಏಪ್ರಿಲ್‌ನಲ್ಲಿ ಕೈ ತೂರುವಷ್ಟು ಬಾಯಿಬಿಟ್ಟು, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಮನೆಯ ಪಾಯ ಮಾತ್ರ ಆಳಕ್ಕೆ ತೆಗೆದು, ಮುಂದಿನ ಕಟ್ಟೆಯನ್ನು ಆಮೇಲೆ ನೋಡೋಣವೆಂದು ಕಪ್ಪು ಮಣ್ಣಿನ ಮೇಲೆಯೇ ಏರಿಸುತ್ತಾರೆ. ಕಟ್ಟೆ ಗೋಡೆಯಿಂದ ಬಿಡಿಸಿಕೊಂಡು ಅಂಗಳದ ಕಡೆ ವಾಲುತ್ತದೆ. ಎರೆಮಣ್ಣನ್ನು ಆಳಕ್ಕೆ ತೆಗೆದುಹಾಕಿ, ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿ, ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಿದ ಮೇಲೆ ಕಟ್ಟೆ ಕಟ್ಟಬೇಕು. ಮಾಳಿಗೆಯ ನೀರಿನ ಪೈಪ್ ಕಟ್ಟೆಯ ಬುಡಕ್ಕೆ ಬೀಳದಂತೆ ದೂರ ಒಯ್ಯಬೇಕು. ಅಲ್ಲೂ ಇದೇ: ಮಾಡಿನ ನೀರು ಮೆಟ್ಟಿಲ ಪಕ್ಕ ಸುರಿಯುತ್ತಿದ್ದರೆ ಗ್ರಾನೈಟ್ ಹಾಕಿದರೂ ಉಳಿಯುವುದಿಲ್ಲ.

ಇಳಿಜಾರು ಎಷ್ಟು ಕೊಡಬೇಕು?

ಒಂದು ಅಡಿಗೆ ಕಾಲು ಇಂಚು, ಮನೆಯಿಂದ ಹೊರಕ್ಕೆ. ಆರು ಅಡಿ ಅಗಲದ ಪೋರ್ಚ್‌ಗೆ ಒಂದೂವರೆ ಇಂಚು. ಹಾಸಿದ ಮೇಲೆ ಒಂದು ಚೊಂಬು ನೀರು ಸುರಿದು ನೋಡಿ, ಎಲ್ಲಿ ನಿಲ್ಲುತ್ತದೋ ಅಲ್ಲಿ ಮಂಜುಗಡ್ಡೆ ಕೂರುತ್ತದೆ. ಕೂಲಿ ಕೊಡುವ ಮೊದಲು ನೋಡಬೇಕು.

ನೆಲವನ್ನೇ ಬಿಸಿ ಮಾಡುವ ವ್ಯವಸ್ಥೆ ಇದೆಯಂತೆ?

ಇದೆ. ಕಾಂಕ್ರೀಟ್‌ನೊಳಗೆ ವಿದ್ಯುತ್ ತಂತಿ ಅಥವಾ ಬಿಸಿ ದ್ರವದ ಕೊಳವೆ ಹೂಳುತ್ತಾರೆ. ಉಪ್ಪೂ ಬೇಡ, ಸಲಿಕೆಯೂ ಬೇಡ, ಆದರೆ ಕರೆಂಟ್ ಬಿಲ್ಲಿನ ಚಿಂತೆ ಇರುತ್ತದೆ. ಕರಗಿದ ನೀರು ಹರಿಯುವ ದಾರಿ ಮಾಡದಿದ್ದರೆ ಕೊನೆಯ ಮೆಟ್ಟಿಲಿನ ಕೆಳಗೆ ಹೋಗಿ ಗಟ್ಟಿಯಾಗುತ್ತದೆ.

ನಾವಿಬ್ಬರೂ ಡಿಸೆಂಬರ್‌ನಲ್ಲಿ ಮಗಳ ಮನೆಗೆ ಹೋಗುವವರಿದ್ದೇವೆ. ಜಾರಿ ಬೀಳುವ ಭಯ.

ಈ ಭಯ ಇಟ್ಟುಕೊಳ್ಳುವುದೇ ಒಳ್ಳೆಯದು. ಬಿಳಿ ಹಿಮಕ್ಕಿಂತ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಅಪಾಯ. ಒದ್ದೆ ನೆಲದಂತೆ ಕಾಣುತ್ತದೆ, ಕಾಲಿಟ್ಟರೆ ಗಾಜು. ಹಗಲು ಸ್ವಲ್ಪ ಕರಗಿ ಸಂಜೆ ಚಳಿ ಏರಿದ ದಿನ ಮರುಬೆಳಿಗ್ಗೆ ಹೆಚ್ಚು ಎಚ್ಚರ ಬೇಕು. ಮೆಟ್ಟಿಲಿಗೆ ಕೈಹಿಡಿಕೆ ಇದೆಯೇ ಎಂದು ಹೊರಡುವ ಮೊದಲೇ ಮಗಳನ್ನು ಕೇಳಿ, ಇಲ್ಲದಿದ್ದರೆ ಹಾಕಿಸಲು ಹೇಳಿ. ಪತ್ರಿಕೆ ತರಲೆಂದು ಹವಾಯಿ ಚಪ್ಪಲಿ ಮೆಟ್ಟಿ ಹೊರಗೆ ಹೋಗುವ ಅಭ್ಯಾಸವನ್ನು ಊರಲ್ಲೇ ಬಿಟ್ಟುಹೋಗಿ.

ಹೊಸ್ತಿಲ ಮುಂದೆ ರಂಗೋಲಿ ಹಾಕುವುದಕ್ಕೆ ತೊಂದರೆಯಿಲ್ಲ. ಮೆಟ್ಟಿಲ ಮೇಲೆ ಎಣ್ಣೆಬಣ್ಣದಲ್ಲಿ ಬರೆಸಬೇಡಿ, ಆ ಎಳೆಯ ಮೇಲೆಯೇ ಕಾಲು ಜಾರುತ್ತದೆ.

ಕಲಬುರಗಿಯ ನಮ್ಮ ಸ್ವಂತ ಕಟ್ಟೆಗೆ ಏನು ಹಾಕಿಸಲಿ?

ಶಹಾಬಾದ್ ಫರ್ಸಿ. ಮಾರುವವನು ಹೇಳುತ್ತಾನೆ ಎಂದು ನಗಬೇಡಿ, ನನ್ನಲ್ಲಿ ಗ್ರಾನೈಟೂ ಇದೆ, ಅದರಲ್ಲಿ ಲಾಭ ಹೆಚ್ಚು. ಆದರೆ ಕಪ್ಪು ಗ್ರಾನೈಟ್ ಹಾಕಿದ ಕಟ್ಟೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಬರಿಗಾಲಿಡಲು ಆಗುವುದಿಲ್ಲ. ತಿಳಿಬೂದು ಫರ್ಸಿಯೂ ಬಿಸಿಲಲ್ಲಿ ಕಾಯುತ್ತದೆ, ಅಷ್ಟಲ್ಲ. ನೆರಳಿದ್ದರೆ ಅದರ ಮೇಲೆ ಮಲಗಿಯೇ ಬಿಡಬಹುದು. ಹೊರಗೆ ಒರಟು ಮುಖದ್ದು, ಒಳಗೆ ಪಾಲಿಶ್ ಮಾಡಿದ್ದು. ಸಂಡಿಗೆ, ಶಾವಿಗೆ ಒಣಹಾಕುವ ಮನೆಯಾದರೆ ಹೊರಗೂ ಒಂದು ಮೂಲೆಯಲ್ಲಿ ನುಣುಪಾದ ಕಲ್ಲು ಹಾಕಿಸಿಕೊಳ್ಳುತ್ತಾರೆ.

ಕಲ್ಲನ್ನು ಆರಿಸುವಾಗ ಒಂದು ಮೂಲೆ ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಎಂದರೆ ತೆಗೆದುಕೊಳ್ಳಿ, ಮಂದವಾಗಿ ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ. ಹಾಸಿ ಗಾರೆ ಆರಿದ ಮೇಲೂ ಕೋಲಿನಿಂದ ಹೀಗೆಯೇ ತಟ್ಟುತ್ತಾ ಹೋಗಿ. ಪೊಳ್ಳು ಸದ್ದು ಬಂದ ಕಡೆ ಕೆಳಗೆ ಗಾರೆ ತುಂಬಿಲ್ಲ, ಗೌಂಡಿ ಇನ್ನೂ ಅಲ್ಲೇ ಇರುವಾಗ ಎತ್ತಿಸಿ ಮತ್ತೆ ಕೂರಿಸಿ.

ಕೆಲಸ ಮುಗಿದ ದಿನ ಸಿಮೆಂಟ್ ಕಲೆ ತೆಗೆಯಲು ಆಸಿಡ್ ಸುರಿಯಲು ಬಿಡಬೇಡಿ. ಸುಣ್ಣಕಲ್ಲಿನ ಮೇಲೆ ಆಸಿಡ್ ಬಿದ್ದರೆ ನೊರೆ ಎದ್ದು ಕಲ್ಲೇ ಕರಗುತ್ತದೆ, ಆ ಮಂಕು ಮತ್ತೆ ಹೋಗುವುದಿಲ್ಲ. ನಿಂಬೆಹಣ್ಣು, ಹುಣಸೆ ರಸಕ್ಕೂ ಇದೇ ಮಾತು.

ಕೆಲಸ ಯಾವ ತಿಂಗಳಲ್ಲಿ ಹಿಡಿಯಬೇಕು?

ಹಿಮದ ಊರಿನಲ್ಲಿ ಮೇ ಕೊನೆಯಿಂದ ಸೆಪ್ಟೆಂಬರ್ ಒಳಗೆ. ಉಷ್ಣತೆ 5 ಡಿಗ್ರಿಯ ಹತ್ತಿರ ಇಳಿದರೆ ಕಾಂಕ್ರೀಟ್ ಹದವಾಗಿ ಗಟ್ಟಿಯಾಗುವುದಿಲ್ಲ. ಹಿಮ ಬೀಳುವ ಮೊದಲು ಅದಕ್ಕೆ ಕನಿಷ್ಠ ಒಂದು ತಿಂಗಳಾದರೂ ಆರಲು ಸಿಗಬೇಕು. ಅಕ್ಟೋಬರ್ ಕೊನೆಗೆ ಅಗ್ಗದ ದರ ಹೇಳಿಕೊಂಡು ಬರುವ ಗುತ್ತಿಗೆದಾರನನ್ನು ಮುಂದಿನ ವರ್ಷ ಬರಲು ಹೇಳಿ.

ಇಲ್ಲಿ ದೀಪಾವಳಿ ಕಳೆದ ಮೇಲೆ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲೇ ಮಾಡಿಸಬೇಕಾದರೆ ಬೆಳಿಗ್ಗೆ ಬೇಗ ಹಾಸಿ, ಕಲ್ಲನ್ನು ಮೊದಲು ನೀರಿನಲ್ಲಿ ನೆನೆಸಿ, ಮಧ್ಯಾಹ್ನದೊಳಗೆ ಒದ್ದೆ ಗೋಣಿಚೀಲ ಹೊದಿಸಿ ವಾರವಿಡೀ ನೀರು ಹಾಕುತ್ತಿರಬೇಕು. ಕಾದ ಕಲ್ಲು ಗಾರೆಯ ನೀರನ್ನೆಲ್ಲ ಹೀರಿಬಿಟ್ಟರೆ ಮೊದಲ ಮಳೆಗೇ ಫರ್ಸಿ ಅಲುಗಾಡುತ್ತದೆ.